ಕೆಂಪು ಪಟ್ಟಿ ಕಟ್ಟಿದಲ್ಲಿ ಹಿಡಿಯಿರಿ

ಬೆಳಕು ಇನ್ನೂ ಗಾಜಿನ ಗೋಡೆಯನ್ನು ಬಂದು ಮುಟ್ಟಿಲ್ಲ. ವಿಮಾನ ನಿಲ್ದಾಣದ ಕೌಂಟರುಗಳ ಸಾಲು ಮುಗಿದು, ಶೌಚಾಲಯದ ಬಾಗಿಲೂ ದಾಟಿ, ಇನ್ನೇನು ಕಟ್ಟಡವೇ ಮುಗಿಯಿತು ಎನ್ನುವಲ್ಲಿ ಒಂದು ಅಗಲವಾದ ಬಾಗಿಲಿದೆ. ಅದರ ಮುಂದೆ ಮರದ ತೂಗುಕುದುರೆಯೊಂದು ನಿಂತಿದೆ. ಅದರ ಎದುರು ಮಂಡಿಯೂರಿ ಕುಳಿತ ನಡುವಯಸ್ಸಿನ ಹೆಂಗಸು ಒಮ್ಮೆ ಕುದುರೆಯ ಕಿವಿಯನ್ನು, ಒಮ್ಮೆ ಪಕ್ಕದ ತಪಾಸಣೆ ಯಂತ್ರದ ಬಾಯಿಯನ್ನು ನೋಡುತ್ತಾರೆ.

"ಕಿವಿ ಒಂಚೂರು ಜಾಸ್ತಿ ಆಯ್ತು ಯಜಮಾನ್ರೇ," ಎನ್ನುತ್ತಾರೆ.

ಕುದುರೆಯನ್ನು ತಮ್ಮ ಕೈಯಾರೆ ಮಾಡಿದ ಅಜ್ಜ ತಲೆ ತಗ್ಗಿಸುತ್ತಾರೆ. ಜೊತೆಗಿದ್ದ ಅಜ್ಜಿಗೆ ಅಷ್ಟೇ ಸಾಕು. "ನಾನು ಅವತ್ತೇ ಬಡ್ಕೊಂಡೆ, ಕುದುರೆ ಮಾಡ್ತಿದೀರೋ ಕತ್ತೆ ಮಾಡ್ತಿದೀರೋ ಅಂತ. ಕೇಳಿದ್ರೆ ತಾನೆ?"

"ಕಿವಿ ನಿಮಿರಿರ್ಬೇಕು ಕಣೇ. ಇಲ್ದಿದ್ರೆ ಕುದುರೆ ಖುಷಿಯಾಗಿದೆ ಅಂತ ಮಗೂಗೆ ಹೇಗೆ ಗೊತ್ತಾಗ್ಬೇಕು?"

"ಈಗ ಯಂತ್ರಕ್ಕೆ ಗೊತ್ತಾಯ್ತಲ್ಲ, ಬಿಡಿ."

ಇಬ್ಬರೂ ಮಗಳ ಮನೆಗೆ ಹೊರಟವರು. ಮೊಮ್ಮಗಳ ಎರಡನೆಯ ಹುಟ್ಟುಹಬ್ಬಕ್ಕೆ ಈ ಕುದುರೆ. ಸಾಲಿನ ಒಂದೊಂದು ಕೌಂಟರಿನಲ್ಲೂ ಇವರನ್ನು ಆ ಕಡೆ ಹೋಗಿ, ಈ ಕಡೆ ಹೋಗಿ ಎಂದು ಓಡಾಡಿಸಿದ್ದಾರೆ. ಅಜ್ಜನ ಅಂಗಿ ಬೆವರಿಗೆ ಬೆನ್ನಿಗಂಟಿದೆ. "ಒಂದು ಗರಗಸ ಸಿಕ್ಕಿದ್ರೆ ಕಿವಿ ತೆಗೆದೇ ಬಿಡ್ತೀನಿ ತಾಯಿ," ಎನ್ನುತ್ತಾರೆ.

"ಅಯ್ಯೋ, ಕಿವಿ ಪಾಪ ಏನು ಮಾಡ್ತು? ನೀವು ಆ ಬೆಂಚಿನ ಮೇಲೆ ಕೂತು ನೀರು ಕುಡೀರಿ. ಅಮ್ಮಾ, ನೀವೂ. ಬೈಯೋದಾದ್ರೆ ಕೂತ್ಕೊಂಡು ಬೈಬಹುದು."

ಹೀಗೆಂದು ಎದ್ದ ಹೆಂಗಸನ್ನು ನಿಲ್ದಾಣದ ಜನ ದೊಡ್ಡಕ್ಕ ಎನ್ನುತ್ತಾರೆ. ಪೆಟ್ಟಿಗೆ, ಚೀಲಗಳ ಅಳತೆಗೆ ಒಗ್ಗದ ದೊಡ್ಡ ಲಗೇಜೆಲ್ಲ ಇವರ ಬಾಗಿಲಿಗೆ ಬರುವುದರಿಂದ ಬಿದ್ದ ಹೆಸರು. ಆಳು ನೋಡಿದರೆ ಪುಟ್ಟ, ಕುದುರೆಗಿಂತ ಒಂದು ಗೇಣು ಎತ್ತರ ಇದ್ದಾರು. ಕುದುರೆಯ ಹೊಟ್ಟೆಯ ಕೆಳಗೆ ಕೈ ಕೊಟ್ಟು, ಮೆಲ್ಲಗೆ ಅದನ್ನು ಮಗ್ಗುಲಿಗೆ ಮಲಗಿಸುತ್ತಾರೆ. ಇನ್ನೊಂದು ಹೊರಳು. ಬಾಲ ಮುಂದಾಗಿ, ತಲೆ ಹಿಂದಾಗಿ ಕುದುರೆ ಯಂತ್ರದ ಬಾಯೊಳಗೆ ಜಾರುತ್ತದೆ. ಎರಡು ಕಿವಿಗಳು ಕೊನೆಗೆ, ಒಂದರ ಹಿಂದೊಂದು, ಅಂಚನ್ನೂ ಸವರದೆ ಒಳಹೋಗುತ್ತವೆ.

"ನಮ್ಮಮ್ಮ ಸೂಲಗಿತ್ತಿ," ಎಂದು ನಗುತ್ತಾರೆ ದೊಡ್ಡಕ್ಕ. "ಯಾವಾಗ್ಲೂ ತಲೆ ಮೊದಲು ಬರ್ಬೇಕು, ತಲೆ ಮೊದಲು ಬರ್ಬೇಕು ಅಂತಿದ್ರು. ನನ್ನ ಕೆಲಸದಲ್ಲಿ ಆ ಚಿಂತೆ ಇಲ್ಲ."

ಯಂತ್ರದ ಆ ಬದಿಯಿಂದ ಕುದುರೆ ಹೊರಬರುವುದನ್ನು ನೋಡಲು ಅಜ್ಜ-ಅಜ್ಜಿ ಇಬ್ಬರೂ ಬೆಂಚು ಬಿಟ್ಟು ಎದ್ದು ನಿಂತಿದ್ದಾರೆ. ಮೊದಲು ಬಾಲ, ಆಮೇಲೆ ಬೆನ್ನು, ಕೊನೆಗೆ ಕಿವಿ. ಅಜ್ಜಿ ತಮಗರಿವಿಲ್ಲದೆ ಅಜ್ಜನ ತೋಳು ಹಿಡಿದುಕೊಂಡಿದ್ದಾರೆ.

ಇಷ್ಟಾದ ಮೇಲೆ ದೊಡ್ಡಕ್ಕ ಕೇಳುವುದು ಒಂದೇ ಪ್ರಶ್ನೆ. ಈ ಬಾಗಿಲಿಗೆ ಬಂದ ಯಾರನ್ನೂ ಅವರು ಇದನ್ನು ಕೇಳದೆ ಕಳಿಸಿಲ್ಲ. "ಇದನ್ನ ಎಲ್ಲಿ ಹಿಡಿದು ಎತ್ಬೇಕು? ಕೈ ಇಟ್ಟು ತೋರಿಸಿ."

ಅಜ್ಜ ಬಾಗಿ, ತೂಗುವ ಕಾಲುಗಳ ನಡುವಿನ ಅಡ್ಡಪಟ್ಟಿಯ ಮೇಲೆ ಮುಂದೊಂದು, ಹಿಂದೊಂದು ಕೈ ಇಡುತ್ತಾರೆ. "ಇಲ್ಲಿ, ಇಲ್ಲಿ. ಕೊರಳು ಮಾತ್ರ ಬೇಡ. ತಲೆ ಬೇರೆ ಮರ, ಮೈ ಬೇರೆ ಮರ. ನಡುವೆ ಒಂದು ಸಣ್ಣ ಗೂಟ ಬಡಿದು ಅಂಟು ಹಾಕಿದೀನಿ. ಕೊರಳು ಹಿಡಿದು ಎತ್ತಿದ್ರೆ ತಲೆ ಕೈಗೆ ಬರುತ್ತೆ."

ಅವರು ಕೈ ಇಟ್ಟ ಎರಡೂ ಕಡೆ ದೊಡ್ಡಕ್ಕ ಕೆಂಪು ಬಟ್ಟೆಯ ಪಟ್ಟಿ ಸುತ್ತಿ, ಗಟ್ಟಿಯಾಗಿ ಗಂಟು ಹಾಕುತ್ತಾರೆ. ಕೆಂಪು ಇದ್ದ ಕಡೆ ಹಿಡಿ. ಇಲ್ಲದ ಕಡೆ ಮುಟ್ಟಬೇಡ. ಕೆಳಗೆ ಸಾಮಾನು ಏರಿಸುವವರಿಗೆಲ್ಲ ಇದು ಗೊತ್ತು. ಇಳಿಯುವ ಊರಿನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಭಾರದ ವಸ್ತುವಿನ ಮೇಲೆ ಕೆಂಪು ಕಂಡರೆ ಮನುಷ್ಯನ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ ಎಂಬುದು ದೊಡ್ಡಕ್ಕನ ನಂಬಿಕೆ. ಮರಳಿ ಬಂದ ಸಾಮಾನುಗಳು ಆ ನಂಬಿಕೆಯನ್ನು ಇದುವರೆಗೆ ಸುಳ್ಳು ಮಾಡಿಲ್ಲ.

ಕುದುರೆ ಸಾಮಾನಿನ ಲಿಫ್ಟಿನಲ್ಲಿ ಕೆಳಗಿಳಿಯುತ್ತದೆ. ವಿಮಾನದತ್ತ ಒಯ್ಯುವ ಗಾಡಿ ಬರುವವರೆಗೆ ಅದು ಅಲ್ಲೇ ಕಾಯಬೇಕು. ಮೇಲೆ ದೊಡ್ಡಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಮೊದಲ ಲೋಟವನ್ನು ಅಜ್ಜಿಗೆ ಕೊಟ್ಟು, ಅವರ ಬಗ್ಗೆ ಬರೆಯಲು ಬಂದ ನನಗೆ ತಮ್ಮ ಕಥೆ ಹೇಳಲು ಕೂರುತ್ತಾರೆ.

ಮದುವೆಯಾದ ಹೊಸತರಲ್ಲಿ ಗಂಡನದು ಮನೆ ಸಾಮಾನು ಸಾಗಿಸುವ ಟೆಂಪೊ. ಇವರು ಜೊತೆಗೆ ಹೋಗಿ ಬೀರು, ಮಂಚ, ಕನ್ನಡಿಗಳನ್ನು ಹಗ್ಗ ಹಾಕಿ ಕಟ್ಟುತ್ತಿದ್ದರು. "ಮನೆ ಖಾಲಿ ಮಾಡೋರ ಮುಖ ನೋಡ್ಬೇಕು ನೀವು. ಬೀರು ಎತ್ತಿದ್ರೆ ಅವರ ಹೊಟ್ಟೇನೇ ಎತ್ತಿದ ಹಾಗೆ ಒದ್ದಾಡ್ತಾರೆ." ಒಮ್ಮೆ ಮೆಟ್ಟಿಲ ಮೇಲೆ ಬೀರು ಜಾರಿ ಗಂಡನ ಸೊಂಟ ಹೋಯಿತು. ಟೆಂಪೊ ಮಾರಿದರು. ದೊಡ್ಡಕ್ಕ ಇಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಮಲಗಿದ ಗಂಡ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಒಂದು ದುಡಿಯುವ ಕೈ. ಆ ವರ್ಷಗಳ ಮಾತು ಬಂದಾಗ "ದಾಟಿದ್ವಿ," ಎನ್ನುತ್ತಾರೆ, ಅಷ್ಟೆ.

ಈ ಬಾಗಿಲಿಗೆ ಅವರು ಬಂದದ್ದು ನೆಲ ಒರೆಸುತ್ತಲೇ. ಒಂದು ಬೆಳಗ್ಗೆ ಆಳೆತ್ತರದ, ಪಿಟೀಲಿನಂಥ ವಾದ್ಯದ ಪೆಟ್ಟಿಗೆಯನ್ನು ಅಪ್ಪಿಕೊಂಡು ಒಬ್ಬ ವಾದ್ಯಗಾರ ಇಲ್ಲಿ ನಿಂತಿದ್ದ. ಕೊಡಿ ಎಂದರೆ ಕೊಡಲೊಲ್ಲ, ವಿಮಾನಕ್ಕೆ ಹೊತ್ತಾಯಿತು ಎಂದರೂ ಬಿಡಲೊಲ್ಲ. ಅಂದು ಈ ಬಾಗಿಲಲ್ಲಿದ್ದವರು ರೇಗಿ ಸುಮ್ಮನಾದರು. ದೊಡ್ಡಕ್ಕ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಹತ್ತಿರ ಹೋಗಿ, "ನೀವು ಇದನ್ನ ಎಲ್ಲಿ ಹಿಡೀತೀರಣ್ಣ?" ಎಂದು ಕೇಳಿದರು. ಅವನು ತೋರಿಸಿದ. ತೋರಿಸಲು ಅಪ್ಪಿದ ಕೈಯನ್ನು ಬಿಡಿಸಲೇಬೇಕಾಯಿತು. "ನೋಡಿ, ಅಷ್ಟೇ ಬೇಕಾಗಿದ್ದು ಅವರಿಗೆ. ಯಾರೋ ಕೇಳ್ಬೇಕಿತ್ತು." ಮುಂದೆ ಈ ಬಾಗಿಲಿನ ಕೆಲಸ ಅವರಿಗೇ ಬಂತು.

ಮೊದಲ ಕೆಂಪು ಪಟ್ಟಿ ಅವರ ಮನೆಯ ಕಿಟಕಿಯ ಹಳೆಯ ಪರದೆಯದು. ಸೊಂಟ ನೋವಿನ ಗಂಡ ಈಗ ಕುಳಿತಲ್ಲೇ ಕತ್ತರಿ ಹಿಡಿದು ಪಟ್ಟಿ ಕತ್ತರಿಸಿ, ಅಂಚು ಹೊಲಿದು ಕೊಡುತ್ತಾರೆ. ಒಂದು ಪರದೆ ಮುಗಿಯಿತು, ಇನ್ನೊಂದೂ ಮುಗಿಯಿತು. "ಈಗ ಬೆಳಗಾದ್ರೆ ಬಿಸಿಲು ನೇರ ಮನೆಯವರ ಮೂಗಿನ ಮೇಲೆ. ಪರದೆ ಎಲ್ಲಿ ಅಂತ ನೆಂಟರು ಕೇಳಿದ್ರೆ, ದೇಶ ಸುತ್ತೋಕೆ ಹೋಗಿದೆ ಅಂತಾರೆ."

ಸೈಕಲ್ಲು, ದೋಣಿಯ ಹುಟ್ಟು, ಅತ್ತೆಗೆಂದು ಅಳಿಯ ಹೊತ್ತು ತಂದ ಆರಾಮಕುರ್ಚಿ, ಮೂವರು ಅಕ್ಕತಂಗಿಯರು ಹಂಚಿಕೊಳ್ಳಲಾರದೆ ಕೊನೆಗೆ ಮೂವರೂ ಹಿಡಿದು ತಂದ ಅಮ್ಮನ ನಿಲುವುಗನ್ನಡಿ. ದಿನಕ್ಕೆ ಎಷ್ಟು ಬರುತ್ತವೆ ಎಂದರೆ, "ಸೊಂಟ ಎಣಿಸುತ್ತೆ, ನಾನು ಎಣಿಸಲ್ಲ," ಎಂದು ನಗುತ್ತಾರೆ. ನೋಡುತ್ತ ಕುಳಿತರೆ ಮನಸ್ಸಿಗೆ ಒಂದು ವಿಚಾರ ಬರುತ್ತದೆ. ನಮ್ಮನ್ನು ಈ ಲೋಕಕ್ಕೆ ಕಳಿಸುವಾಗ ಆ ಭಗವಂತನೂ ಎಲ್ಲೋ ಒಂದು ಕಡೆ, ಇವರನ್ನು ಇಲ್ಲಿ ಹಿಡಿಯಿರಿ ಎಂದು ಪಟ್ಟಿ ಕಟ್ಟಿಯೇ ಕಳಿಸಿರಬೇಕು. ಕಟ್ಟಿದವನ ತಪ್ಪೇನಿಲ್ಲ. ನಾವು ಒಬ್ಬರನ್ನೊಬ್ಬರು ಎತ್ತುವಾಗ ನೋಡಿ ಎತ್ತುವುದಿಲ್ಲ.

ಚಹಾ ಮುಗಿಸಿದ ಅಜ್ಜಿ ಈಗ ಹಗುರಾಗಿದ್ದಾರೆ. ಲೋಟ ಕೆಳಗಿಡುತ್ತ ಸಂಭ್ರಮದಿಂದ ಹೇಳುತ್ತಾರೆ, "ನೋಡಮ್ಮ, ನಿನ್ನ ನೋಡಿ ನಾನೂ ಒಂದು ಕಟ್ದೆ. ನಿನ್ನ ಮೇಜಿನ ಮೇಲೆ ಒಂದು ತುಂಡು ಮಿಕ್ಕಿತ್ತಲ್ಲ, ನೀನು ಲಿಫ್ಟಿನ ಬಾಗಿಲು ತೆಗೆಯೋವಾಗ ಕುದುರೆ ಕೊರಳಿಗೆ ಕಟ್ಟಿಬಿಟ್ಟೆ. ಮಗು ನೋಡಿದ ತಕ್ಷಣ ಕುಣೀಬೇಕು, ಹಾಗಿದೆ."

ದೊಡ್ಡಕ್ಕನ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಅಲ್ಲೇ ನಿಲ್ಲುತ್ತದೆ. ಅಜ್ಜ ಹೆಂಡತಿಯ ಮುಖ ನೋಡುತ್ತಾರೆ. ಬೈಯಲು ಇದಕ್ಕಿಂತ ಒಳ್ಳೆಯ ಹೊತ್ತು ಅವರ ಬಾಳಿನಲ್ಲಿ ಬಂದಿರಲಾರದು. ಆದರೆ ಅವರು ತಿರುಗಿ ಲಿಫ್ಟಿನ ಬಾಗಿಲನ್ನು ನೋಡುತ್ತಾರೆ. ಅಜ್ಜಿಗೆ ತಾವೇನು ಮಾಡಿದೆವೆಂದು ಆಗ ಹೊಳೆದು, ಕೈ ಬಾಯಿಗೆ ಹೋಗುತ್ತದೆ.

ದೊಡ್ಡಕ್ಕ ಕೆಳಗಿನ ಫೋನಿಗೆ ಕರೆ ಮಾಡುತ್ತಾರೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಗಾಡಿಗಳ ಸದ್ದಿನಲ್ಲಿ ಅಲ್ಲಿ ಯಾವ ಫೋನೂ ಕೇಳುವುದಿಲ್ಲ. "ಯಜಮಾನ್ರೇ, ಬಾಗಿಲು ನೋಡ್ಕೊಳ್ಳಿ. ಯಾರಾದ್ರೂ ಬಂದ್ರೆ ಕೂರಿಸಿ ನೀರು ಕೊಡಿ," ಎಂದವರೇ ಮೆಟ್ಟಿಲಿನತ್ತ ಓಡುತ್ತಾರೆ. ಕತ್ತಿನಲ್ಲಿ ಅನುಮತಿಯ ಚೀಟಿ ತೂಗಿಸಿಕೊಂಡ ನಾನೂ ಹಿಂದೆ ಓಡುತ್ತೇನೆ. ಆ ಸೊಂಟದಲ್ಲಿ ಅಷ್ಟು ಓಟವಿದೆ ಎಂದು ಯಾರೂ ನಂಬಲಿಕ್ಕಿಲ್ಲ. ಮೆಟ್ಟಿಲಿಗೊಂದರಂತೆ "ದೇವರೇ, ದೇವರೇ" ಎನ್ನುತ್ತ ಇಳಿಯುತ್ತಾರೆ.

ಕೆಳಗೆ ಗಾಡಿ ಬಂದು ನಿಂತಿದೆ. ಅದರ ಚಾಲಕ ಹಾರನ್ ಹೊಡೆಯುತ್ತಿದ್ದಾನೆ. ಕುದುರೆಯ ಪಕ್ಕದಲ್ಲಿ, ಎರಡೂ ಕೈ ಕಟ್ಟಿಕೊಂಡು, ಪೂಜೆಗೆ ನಿಂತವನಂತೆ ಒಬ್ಬ ನಿಂತಿದ್ದಾನೆ. ಸಾಮಾನು ಏರಿಸುವ ಇವನಿಗೆ ನಿಧಾನಪ್ಪ ಎಂದು ಹೆಸರು. ಇಡೀ ನಿಲ್ದಾಣ ಇವನ ನಿಧಾನವನ್ನು ಬೈದು ಬೈದು ಸಾಕಾಗಿ ಬಿಟ್ಟಿದೆ.

ಕುದುರೆಯ ತಲೆ ಅದರ ಜಾಗದಲ್ಲೇ ಇದೆ. ಕಿವಿ ನಿಮಿರಿದೆ.

"ಎತ್ತಲಿಲ್ವಾ?" ದೊಡ್ಡಕ್ಕ ಏದುಸಿರು ಬಿಡುತ್ತ ಕೇಳುತ್ತಾರೆ.

"ಕೈ ಕೊರಳಿಗೇ ಹೋಗಿತ್ತಕ್ಕ, ಇಲ್ಲ ಅನ್ನಲ್ಲ," ಎನ್ನುತ್ತಾನೆ ನಿಧಾನಪ್ಪ. "ಆಮೇಲೆ ಅಂದ್ಕೊಂಡೆ, ಅಕ್ಕ ಯಾವತ್ತಾದ್ರೂ ಕೊರಳು ಹಿಡಿದು ಎತ್ತು ಅಂದಿದಾರಾ? ಗಂಟೂ ನೋಡ್ದೆ. ಹೂವಿನ ಥರ ಇದೆ. ನೀವು ಇಷ್ಟು ಚಂದ ಕಟ್ಟಲ್ಲ ಬಿಡಿ. ಇದು ಬೇರೆ ಯಾರದೋ ಪ್ರೀತಿ. ನೀವು ಬರೋವರೆಗೆ ನಿಂತಿರೋಣ ಅಂತ ನಿಂತೆ."

"ಆವಾಗಿಂದ ಇವನದು ಇದೇ ಕಥೆ," ಎಂದು ಚಾಲಕ ಕೂಗುತ್ತಾನೆ. "ಕುದುರೆ ತಾನೇ ನಡ್ಕೊಂಡು ಹೋಗ್ಲಿ ಅಂತ ಕಾಯ್ತಿದಾನೆ."

ದೊಡ್ಡಕ್ಕ ನಿಧಾನಪ್ಪನ ಬೆನ್ನಿಗೆ ಒಂದು ಏಟು ಕೊಡುತ್ತಾರೆ, ಅಕ್ಕಂದಿರು ಕೊಡುವಂಥದ್ದು. ಮುಂದೆ ಇನ್ನೆಷ್ಟು ಕೈ ದಾಟಬೇಕೋ ಎಂದು ಕೊರಳಿನ ಗಂಟು ಬಿಚ್ಚಿ, ಪಟ್ಟಿಯನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಇವರೊಂದು ಕಡೆ, ಅವನೊಂದು ಕಡೆ ಅಡ್ಡಪಟ್ಟಿಯ ಕೆಂಪು ಹಿಡಿದು ಎತ್ತುತ್ತಾರೆ. ಕುದುರೆ ಒಂದಿಷ್ಟೂ ಅಲುಗದೆ ಗಾಡಿ ಏರುತ್ತದೆ.

ಮೇಲೆ ಬಂದರೆ ಅಜ್ಜ ಕೌಂಟರಿನಲ್ಲಿ ಗಂಭೀರವಾಗಿ ನಿಂತು, ಸೈಕಲ್ಲು ತಂದ ಯುವತಿಯೊಬ್ಬಳಿಗೆ, "ಕೂತ್ಕೊಳ್ಳಮ್ಮ, ಎಲ್ಲ ಆಗುತ್ತೆ," ಎನ್ನುತ್ತಿದ್ದಾರೆ. ಅಜ್ಜಿ ಆಗಲೇ ಅವಳಿಗೆ ನೀರು ಕೊಟ್ಟಾಗಿದೆ. ದೊಡ್ಡಕ್ಕ ಸೆರಗಿನಿಂದ ಕೆಂಪು ಪಟ್ಟಿ ತೆಗೆದು ಅಜ್ಜಿಯ ಅಂಗೈಯಲ್ಲಿಡುತ್ತಾರೆ. "ಇದನ್ನ ನೀವೇ ತಗೊಂಡು ಹೋಗಿ. ಇಳಿದ ಮೇಲೆ ಕಟ್ಟಿ. ಅಲ್ಲಿ ಎಷ್ಟು ಚಂದ ಬೇಕಾದ್ರೂ ಕಟ್ಬಹುದು."

ಅಂದು ಹೊರಡುವ ಮುನ್ನ, ನಿಮಗೊಂದು ಆಸೆ ಅಂತ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ ದೊಡ್ಡಕ್ಕ, ಯಂತ್ರದ ಬಾಯಿ ಇನ್ನೊಂದು ಗೇಣು ಅಗಲ ಮಾಡಿಸಿದರೆ ಸಾಕು ಎಂದಿದ್ದರು. ಕೆಲವು ದಿನಗಳ ಮೇಲೆ, ಇಂದು ಬೆಳಗ್ಗೆ ಮತ್ತೆ ಹೋದಾಗ ಆ ಮಾತಿಲ್ಲ. ಅಜ್ಜ ಕಳಿಸಿದ ಫೋಟೊ ತೋರಿಸಲು ಫೋನು ಹಿಡಿದೇ ಕಾಯುತ್ತಿದ್ದಾರೆ. ಫೋಟೊದಲ್ಲಿ ಕುದುರೆಯ ಕೊರಳಿಗೆ ಕೆಂಪು ಪಟ್ಟಿ, ಹೂವಿನಂಥ ಗಂಟು. ಬೆನ್ನ ಮೇಲೆ ಪುಟ್ಟ ಹುಡುಗಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾಳೆ. ಎರಡೂ ತೋಳಿನಿಂದ ಬಿಗಿಯಾಗಿ ಹಿಡಿದಿರುವುದು ಕೊರಳನ್ನೇ.

ಅಯ್ಯೋ, ಕೊರಳು, ಎನ್ನುತ್ತೇನೆ ನಾನು.

ದೊಡ್ಡಕ್ಕ ಫೋಟೊವನ್ನು ಇನ್ನಷ್ಟು ದೊಡ್ಡದು ಮಾಡಿ ನೋಡುತ್ತಾರೆ.

"ಅವಳು ಎಲ್ಲಿ ಬೇಕಾದ್ರೂ ಹಿಡೀಲಿ ಬಿಡಿ," ಎನ್ನುತ್ತಾರೆ. "ಕುದುರೆ ಅವಳದು."