ಹಾಜರಿ ಪಟ್ಟಿಯ ನೀರು

ಮೊನ್ನೆ ಬೆಳಗ್ಗೆ ಕೊತ್ತಂಬರಿ ಕಾಳಿನ ಡಬ್ಬಿ ಕೈಜಾರಿ ಅಡುಗೆಮನೆಯ ನೆಲದ ತುಂಬ ಚೆಲ್ಲಿತು. ಕಸಬರಿಗೆ ತರಲು ಹೊರಟವಳ ಚಪ್ಪಲಿ ಗೊತ್ತಿಲ್ಲದೆ ಕಾಳಿನ ಮೇಲೆ ಬಿತ್ತು. ಚರಚರ ಒಡೆದ ಸಪ್ಪಳ, ಅದರ ಹಿಂದೆಯೇ ಆ ವಾಸನೆ... ಯಾರೋ ಪಕ್ಕದ ಕೋಣೆಯಲ್ಲಿ ಕಿತ್ತಳೆ ಸುಲಿದಂಥದ್ದು. ಬಗ್ಗಿದವಳು ಹಾಗೇ ಕೂತುಬಿಟ್ಟೆ. ದಾಂಡೇಲಿಯ ಚಾಚಾ ನೆನಪಾದರು. ಬಿತ್ತುವ ಮೊದಲು ಅವರು ಕಾಳನ್ನು ಗೋಣಿತಟ್ಟಿನ ಮೇಲೆ ಹರಡಿ, ಸವೆದ ರಬ್ಬರ್ ಚಪ್ಪಲಿಯಿಂದ ಮೆಲ್ಲಗೆ ತಿಕ್ಕಿ, ಒಂದೊಂದನ್ನೂ ಎರಡು ಹೋಳು ಮಾಡುತ್ತಿದ್ದರು. ಜೋರಾಗಿ ಒತ್ತಿದರೆ ಪುಡಿ, ಒತ್ತದಿದ್ದರೆ ಮೊಳಕೆ ತಡ. "ಮಲಗಿದ ಕೂಸಿನ ಕಾಲು ಒತ್ತಿಧಂಗ ಒತ್ತಬೇಕು" ಎನ್ನುತ್ತಿದ್ದರು.

ಅವರು ಮಿಲ್ಲಿನಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು. ಮಿಲ್ಲಿನವರ ಮನೆಗಳ ಸಾಲು, ಅಂದರೆ ನಮ್ಮ ಲೈನಿನ ಕೊನೆಯ ಮನೆ ಅವರದು. ನಮ್ಮ ತಂದೆಯಂಥ ಗುಮಾಸ್ತರಿಗೂ, ಹಾಲು ಹಾಕುವವನಿಗೂ ಅವರು ಚಾಚಾನೇ. ನಾನು ಒಂಬತ್ತನೆಯ ಇಯತ್ತೆ ಮುಗಿಸಿದ ವರ್ಷ ಇರಬೇಕು, ತೊಂಬತ್ತರ ದಶಕದ ನಡುಭಾಗ. ಲೈನಿನ ಹಿಂದೆ ಹಳೆಯ ಮನೆಗಳನ್ನು ಕೆಡವಿದ ಬಯಲಿತ್ತು. ಇಟ್ಟಿಗೆ ಚೂರು, ಗಾಜು, ಮುಳ್ಳುಕಂಟಿ. ಚಾಚಾ ಯಾರು ಯಾರನ್ನೋ ಕೇಳಿ ಆ ಜಾಗ ಪಡೆದರು. ನಮ್ಮ ಓಣಿ ಮತ್ತು ಹಿಂದಿನ ಓಣಿಯ ಹನ್ನೆರಡು ಮಕ್ಕಳನ್ನು ಸೇರಿಸಿದರು. ಹದಿಮೂರು ದಾಟಿರಬೇಕು, ಹದಿನೇಳು ಆಗಿರಬಾರದು.

"ಸಣ್ಣವರು ಬ್ಯಾಡ, ಆಟ ಆಡ್ತಾರ. ದೊಡ್ಡವರು ಬ್ಯಾಡ, ನನಗ ಶಾಣ್ಯಾತನ ಹೇಳ್ತಾರ. ನೀವು ನಡುವಿನವರು ಬರ್ರಿ. ನಿಮಗ ಮನ್ಯಾಗೂ ಯಾರೂ ಕೇಳೂದಿಲ್ಲ," ಎಂದಿದ್ದರು. ನಾವು ನಕ್ಕೆವು. ಆದರೆ ಆ ಮಾತು ನಿಜವಾಗಿತ್ತು.

ಎರಡು ತಿಂಗಳಲ್ಲಿ ಆ ಬಯಲು ಹನ್ನೆರಡು ಮಡಿಗಳಾಯಿತು. ಒಬ್ಬೊಬ್ಬರಿಗೆ ಒಂದು ಮಡಿ. ಮೂಲೆಯಲ್ಲಿ ಒಂದು ಸಿಮೆಂಟಿನ ತೊಟ್ಟಿ. ಬೆಳಗಿನ ಪಾಳಿಗೆ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ನಳ ಬಂದು ಅದು ತುಂಬುತ್ತಿತ್ತು. ಬೇಸಿಗೆಯಲ್ಲಿ ಒಂದು ತೊಟ್ಟಿ ನೀರು ಎಂಟು ಮಡಿಗೆ ಸಾಕು, ಹನ್ನೆರಡಕ್ಕೆ ಸಾಲದು. ಅದಕ್ಕೇ ಚಾಚಾ ಒಂದು ರೂಢಿ ಹಾಕಿದ್ದರು. ಪ್ರತಿ ಸೋಮವಾರ ನಮ್ಮಲ್ಲಿ ಒಬ್ಬರು ಮುಕಾದಮರಾಗಬೇಕು, ಕೂಲಿ ಗುಂಪಿಗೆ ಒಬ್ಬ ಮುಂದಾಳು ಇರುತ್ತಾನಲ್ಲ, ಹಾಗೆ. ಆ ವಾರ ಮುಕಾದಮ ಗುದ್ದಲಿ ಮುಟ್ಟುವಂತಿಲ್ಲ. ಬರಿಗೈಯಲ್ಲಿ ಹನ್ನೆರಡೂ ಮಡಿ ಸುತ್ತಿ ನೋಡಬೇಕು, ಮಣ್ಣಿಗೆ ಬೆರಳು ಹಾಕಬೇಕು, ಆಮೇಲೆ ಈ ದಿನ ನೀರು ಯಾರಿಗೆ ಎಂದು ಹೇಳಬೇಕು. ಅವನು ಹೇಳದೆ ಯಾರೂ ನೀರು ತಿರುಗಿಸುವಂತಿಲ್ಲ.

"ಕೈಯಾಗ ಗುದ್ದಲಿ ಇದ್ರ ಕಣ್ಣು ಗುದ್ದಲಿ ಮ್ಯಾಲ ಇರ್ತಾವ," ಎನ್ನುತ್ತಿದ್ದರು. "ಕೈ ಖಾಲಿ ಇರಲಿ."

ಸೋಮವಾರದಿಂದ ಶನಿವಾರದವರೆಗೆ ಚಾಚಾ ಮಡಿಗಳ ಕಡೆ ಕಾಲಿಡುತ್ತಿರಲಿಲ್ಲ. ಗೇಟಿನ ಬಳಿ ಸ್ಟೂಲಿನ ಮೇಲೆ ಕೂತು ಕುಡಗೋಲು ಮಸೆಯುತ್ತಿದ್ದರು, ಇಲ್ಲವೇ ಹೋಗಿಬರುವವರೊಂದಿಗೆ ಮಾತು. ರವಿವಾರ ಬೆಳಗ್ಗೆ ಮಾತ್ರ ಒಳಗೆ ಬಂದು ಎಲ್ಲ ಮಡಿ ನೋಡುತ್ತಿದ್ದರು.

ಮೇ ತಿಂಗಳಲ್ಲಿ ನನ್ನ ಸರದಿ ಬಂತು. ನಾನು ಕಾನ್ವೆಂಟಿನಲ್ಲಿ ಸಿಸ್ಟರ್ ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದವಳು. ಹನ್ನೊಂದು ಜನರ ಎದುರು ನಿಂತು ನಿನಗೆ ನೀರು ಉಂಟು, ನಿನಗೆ ಇಲ್ಲ ಎಂದು ಹೇಗೆ ಹೇಳುವುದು? ಇಲ್ಲ ಎಂದವರು ಸಿಟ್ಟಾದರೆ? ಯೋಚಿಸಿ ಯೋಚಿಸಿ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ನೋಟುಬುಕ್ಕಿನ ಹಾಳೆ ಹರಿದು, ಅಳತೆಪಟ್ಟಿ ಇಟ್ಟು ಕೆಂಪು ಗೆರೆ ಎಳೆದು, ಎಲ್ಲರ ಹೆಸರನ್ನೂ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಬರೆದೆ, ಶಾಲೆಯ ಹಾಜರಿ ಪಟ್ಟಿಯಂತೆ. ಒಂದರಿಂದ ಶುರು, ನೀರು ಮುಗಿಯುವ ತನಕ. ಯಾರಿಗೂ ನಾನು ಇಲ್ಲ ಎನ್ನಬೇಕಿರಲಿಲ್ಲ, ಹಾಳೆಯೇ ಹೇಳುತ್ತಿತ್ತು. ಹಾಜರಿ ಪ್ರತಿದಿನ ಒಂದನೆಯ ನಂಬರಿನಿಂದಲೇ ಶುರುವಾಗುತ್ತದಲ್ಲ, ನನ್ನ ನೀರೂ ದಿನಾ ಒಂದನೆಯ ನಂಬರಿನಿಂದಲೇ ಶುರುವಾಯಿತು. ಕೊನೆಯ ನಾಲ್ವರಿಗೆ ತೊಟ್ಟಿಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹನ್ನೊಂದನೆಯ ನಂಬರಿನ ವಿಠ್ಠಲ ಹಾಳೆ ನೋಡಿ ತಲೆ ಕೆರೆದುಕೊಂಡ. "ನಮ್ಮಪ್ಪ ಹೆಸರು ಇಡೂಮುಂದ ನೀರಿನ ವಿಚಾರ ಮಾಡಿದ್ರ ಅಶೋಕ ಅಂತ ಇಡ್ತಿದ್ದ ನೋಡು," ಎಂದ. ಎಲ್ಲರೂ ನಕ್ಕರು. ಅವನ ಮಡಿಯಲ್ಲಿದ್ದದ್ದು ಬೇರು ಬಿಟ್ಟ ಚವಳಿಗಿಡ, ಅಂದರೆ ಗೋರಿಕಾಯಿ. ಒಂದು ವಾರ ನೀರಿಲ್ಲದಿದ್ದರೂ ತಡೆಯುತ್ತಿತ್ತು. ಒಂಬತ್ತು, ಹತ್ತನೆಯವರದೂ ಹಾಗೆಯೇ.

ಹನ್ನೆರಡನೆಯವಳು ಜರೀನಾ. ಗ್ಯಾರೇಜಿನವರ ಮಗಳು, ನನ್ನದೇ ವಯಸ್ಸು. ಹದಿನೈದರ ಹುಡುಗಿ ಗಂಡುಹುಡುಗರ ನಡುವೆ ಮಣ್ಣು ಅಗೆಯುವುದೇನು ಎಂದು ಅವರ ಮನೆಯಲ್ಲಿ ಮಾತಾಗಿತ್ತು. ಕೊನೆಗೆ ಅವಳ ತಾಯಿ ಒಂದು ಕರಾರು ಹಾಕಿದ್ದರು, ಮನೆಗೆ ಕಾಯಿಪಲ್ಯ ಬರುವ ತನಕ ಹೋಗಬಹುದು. ಬರಿಗೈಯಲ್ಲಿ ಬಂದ ದಿನ ಮುಗಿಯಿತು. ಅವಳು ಆ ರವಿವಾರವಷ್ಟೇ ಹಳೆಯ ಮೂಲಂಗಿ ಕಿತ್ತು ಬದನೆ ಸಸಿ ನೆಟ್ಟಿದ್ದಳು. ಸೋಮವಾರ ಮನೆಯವರೊಂದಿಗೆ ಹಳಿಯಾಳಕ್ಕೆ, ಚಿಕ್ಕಮ್ಮನ ಮನೆಯ ಮದುವೆಗೆ ಹೊರಟಿದ್ದಳು. ಓಡುತ್ತ ಬಂದು ನನ್ನ ಕೈ ಹಿಡಿದಳು.

"ನಮ್ಮ ಬದನಿ ನೋಡ್ಕೋತೀಯಲ್ಲ? ನಿನ್ನೆ ನಟ್ಟೇನಿ, ಇನ್ನಾ ಬೇರು ಹಿಡದಿಲ್ಲ."

"ನೋಡ್ಕೋತೇನಿ, ಹೋಗಿ ಬಾ," ಎಂದೆ.

ಬುಧವಾರ ಎಲೆಗಳು ಜೋತುಬಿದ್ದಿದ್ದವು. ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಐದನೆಯ ನಂಬರು ನನ್ನದೇ, ನನ್ನ ಮೆಂತ್ಯ ಹಸಿರಾಗಿತ್ತು. ಹಾಳೆಯ ಕ್ರಮ ಮುರಿದರೆ ಉಳಿದವರು ಏನೆನ್ನುತ್ತಾರೋ, ನಾಳೆ ತೊಟ್ಟಿ ಪೂರ್ತಿ ತುಂಬಬಹುದು... ಹೀಗೇ ಗುರುವಾರ, ಶುಕ್ರವಾರ.

ಶನಿವಾರ ಜರೀನಾ ಬಂದಾಗ ಸಸಿಗಳು ಕಡ್ಡಿಪೆಟ್ಟಿಗೆಯ ಸುಟ್ಟ ಕಡ್ಡಿಗಳಂತೆ ಮಲಗಿದ್ದವು. ಕೈಯಲ್ಲಿ ಇನ್ನೂ ಮೆಹಂದಿಯ ಬಣ್ಣವಿತ್ತು. ಆ ಕೈಯಿಂದ ಒಂದನ್ನು ಎತ್ತಿ ನೋಡಿದಳು.

"ನೀರು ಬಿಟ್ಟಿದ್ದಿಲ್ಲೇನ?"

"ಬಿಟ್ಟಿದ್ದೆ... ಬಿಸಲ ಭಾಳ ಇತ್ತು ಈ ವಾರ."

ಅಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಅದುವರೆಗೆ ಬಂದಿರಲಿಲ್ಲ. ಅವಳು ನಂಬಿದಳು. ತಾನು ನೆಟ್ಟಿದ್ದೇ ಸರಿಯಾಗಿಲ್ಲವೇನೋ ಎಂದು ತನ್ನಷ್ಟಕ್ಕೆ ಅಂದುಕೊಂಡು, ಖಾಲಿ ಬುಟ್ಟಿ ಹಿಡಿದು ಹೋದಳು.

ರವಿವಾರ ಅವಳು ಬರಲಿಲ್ಲ. ಚಾಚಾ ಒಬ್ಬೊಬ್ಬರ ಮಡಿ ನೋಡುತ್ತ ಕೊನೆಗೆ ಅವಳದರ ಬಳಿ ಕುಕ್ಕರುಗಾಲಲ್ಲಿ ಕೂತರು. ಬೆರಳು ಮಣ್ಣಿಗಿಟ್ಟರು, ಬೆರಳು ಇಳಿಯಲಿಲ್ಲ.

"ಇಲ್ಲೆ ನೀರು ಯಾವಾಗ ಬಂದಿತ್ತು, ಬೇಟಿ?"

ನಾನು ಹಾಳೆ ಕೊಟ್ಟೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

"ಭಾಳ ಛಂದ ಬರದಿ. ಇದರಾಗ ಎಲ್ಲಾರ ಹೆಸರೂ ಐತಿ?"

"ಐತ್ರಿ."

"ಬದನಿ ಎಲ್ಲೈತಿ?"

ಚಾಚಾ ಹಾಳೆಯನ್ನು ಎರಡು ಮಡಿಕೆ ಮಾಡಿ ನನಗೇ ವಾಪಸು ಕೊಟ್ಟರು. ಹಿಂದೆ ನಿಂತಿದ್ದ ವಿಠ್ಠಲ ಮೆಲ್ಲಗೆ ಹೇಳಿದ, "ಜರೀನಾನ್ನ ಇನ್ನ ಕಳಸೂದಿಲ್ಲಂತ ಚಾಚಾ. ಸಸೀ ಸುದ್ದಾ ಉಳಸಾಕ ಬರೂದಿಲ್ಲ, ಮನ್ಯಾಗ ಕೂಡು ಅಂದಾರಂತ ಅವರವ್ವ."

ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ಅವರ ಸ್ಟೂಲಿನ ಬಳಿ ಹೋಗಿ ಎಲ್ಲ ಹೇಳಿದೆ. ಬುಧವಾರ ನೋಡಿದ್ದು, ಶನಿವಾರ ಸುಳ್ಳು ಹೇಳಿದ್ದು... ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನನಗ ಹೇಳಿದಿ, ಆತು. ನನ್ನ ಬದನಿ ಅಲ್ಲಲ್ಲ ಅವು," ಎಂದರು. "ಅವರ ಮನಿಗೆ ಹೋಗಿ ಹೇಳು. ಮುಕಾದಮ ಅಂದ ಮ್ಯಾಲ ಛಲೋ ಸುದ್ದಿ ಯಾರರ ಹೇಳ್ತಾರ. ಕೆಟ್ಟದ್ದನ್ನ ತಾನ ಹೋಗಿ ಹೇಳಬೇಕು."

"ನೀವೂ ಬರ್ರಿ ಚಾಚಾ."

"ನೀ ಮೊದಲ ಹೋಗು."

ಗ್ಯಾರೇಜಿನ ಹಿಂದೆಯೇ ಅವರ ಮನೆ. ಜರೀನಾಳ ತಾಯಿ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದರು. ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಆಕಿದು ತಪ್ಪಲ್ಲ ಖಾಲಾ, ನಾನ ನೀರು ಬಿಡಲಿಲ್ಲ, ಬಿಟ್ಟೇನಿ ಅಂತ ಸುಳ್ಳ ಹೇಳಿದೆ. ಮಷಿನ್ನು ನಿಂತಿತು. ಜರೀನಾ ಒಳಗಿನ ಪರದೆಯ ಹಿಂದಿದ್ದಳು, ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

"ಕಾನ್ವೆಂಟಿನ್ಯಾಗ ಇದನ್ನ ಕಲಸ್ತಾರೇನವಾ?" ಎಂದರು ತಾಯಿ. ನಾನು ಅಳತೊಡಗಿದೆ. ಅವರು ನನ್ನ ಕಣ್ಣೀರು ನೋಡಿ ಅಂದರು, "ಈ ನೀರರ ಆ ಸಸಿಗೆ ಹಾಕಿದ್ರ ಬದುಕ್ತಿದ್ವು. ಕೂಡು, ಮುಖಾ ಒರಸ್ಕೊ." ದಾರ ಕತ್ತರಿಸಿ, ಬಟ್ಟೆ ಮಡಚುತ್ತ ಕೇಳಿದರು, "ನಿನ್ನ ಮಡಿಯಾಗ ಏನೈತಿ?"

"ಮೆಂತ್ಯ ರೀ."

"ಹಂಗಾರ ಆ ಮಡಿ ಇಕಿಗೆ. ಇಕಿ ಸುಟ್ಟ ಮಡಿ ನಿನಗ. ಒಪ್ಪಿದ್ರ ನಾಳೆ ಕಳಸ್ತೇನಿ."

ಒಪ್ಪಿದೆ. ಪರದೆಯ ಹಿಂದಿನ ಪಾದಗಳು ಸರಕ್ಕನೆ ಒಳಗೆ ಓಡಿದವು.

ಹೊರಗೆ ಬಂದರೆ ಓಣಿಯ ತಿರುವಿನಲ್ಲಿ ಚಾಚಾ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಬಿಳಿ ಟೋಪಿ.

"ನಿಂದು ಮುಗೀತು? ಇನ್ನ ನಂದೈತಿ."

"ನಿಮ್ಮದೇನು ಚಾಚಾ?"

"ಗೇಟಿನ್ಯಾಗ ಕುಂತ್ರ ಆ ಮಡಿ ಕಾಣ್ತೈತಿ, ಬೇಟಿ. ಗುರುವಾರನ ಕಂಡಿತ್ತು ನನಗ. ವಾರ ಮುಗಿಯೂ ತನಕ ಒಳಗ ಕಾಲಿಡಬಾರದಂತ ನಾನ ಹಾಕಿದ ಕಾಯಿದೆ, ಕುಂತ ಬಿಟ್ಟೆ. ನಿನ್ನ ಹಾಳಿ ನಿನಗ, ನನ್ನ ಹಾಳಿ ನನಗ." ಹೀಗೆಂದು ಬಾಗಿಲು ತಟ್ಟಿದರು. ಅರವತ್ತು ದಾಟಿದ ಮನುಷ್ಯ ತಲೆ ತಗ್ಗಿಸಿ ಆ ಹೆಣ್ಣುಮಗಳ ಮುಂದೆ ಏನೋ ಹೇಳುತ್ತಿದ್ದುದನ್ನು ನಾನು ತಿರುವಿನಿಂದ ನೋಡಿದೆ. ಮಾತು ಕೇಳಿಸಲಿಲ್ಲ.

ಮರುದಿನ ಜರೀನಾ ಬಂದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಗಟ್ಟಿಯಾದ ಆ ಮಡಿಯನ್ನು ಅಗೆಯಲಾರದೆ ನಾನು ಏದುಸಿರು ಬಿಡುವುದನ್ನು ನೋಡಿ ಗುದ್ದಲಿ ಕಸಿದುಕೊಂಡು, "ಹಿಂಗ ಅಲ್ಲ, ಸರೀ" ಎಂದಳು. ಅಲ್ಲಿಗೆ ಮುಗಿಯಿತು. ಚಾಚಾನ ಕಾಯಿದೆಯೂ ಬದಲಾಯಿತು. ಆಮೇಲೆ ಅವರು ಬುಧವಾರವೂ ಒಳಗೆ ಬಂದು ಒಂದು ಸುತ್ತು ಹಾಕುತ್ತಿದ್ದರು. ಏನೂ ಹೇಳುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಕೆಮ್ಮು ಬಂದ ಮಡಿಯನ್ನು ಮುಕಾದಮ ಮತ್ತೊಮ್ಮೆ ನೋಡಬೇಕು, ಅಷ್ಟೆ.

ಜರೀನಾ ತನ್ನ ವಾರದಲ್ಲಿ ಕೈಗಳನ್ನು ಓಢಣಿಯ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದಳು. ಮೊದಲನೆಯ ದಿನವೇ ನನ್ನ ಹತ್ತಿರ ಬಂದು, "ನಿನಗ ಇವತ್ತ ನೀರಿಲ್ಲ. ಸಿಟ್ಟಾಗತಿಯೇನ? ಆಗು," ಎಂದಳು. ನನಗೆ ಸಿಟ್ಟು ಬರಲಿಲ್ಲ. ನಾನು ಅಷ್ಟು ಹೆದರಿದ್ದು ಇಷ್ಟಕ್ಕೇ ಏನು ಎನ್ನಿಸಿತು.

ಮರುವರ್ಷ ತಂದೆ ಕೆಲಸ ಬಿಟ್ಟು ಧಾರವಾಡಕ್ಕೆ ಬಂದರು. ನನ್ನ ಕಾಲೇಜು, ಮದುವೆ, ಮನೆ ಎಲ್ಲ ಇಲ್ಲಿಯೇ ಆಯಿತು. ದಾಂಡೇಲಿಗೆ ಹೋಗುವ ಕಾರಣ ಉಳಿಯಲಿಲ್ಲ. ಚಾಚಾ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ, ತರಕಾರಿ ಅಂಗಡಿಯಲ್ಲಿ ಭೆಟ್ಟಿಯಾದ ಹಳೆಯ ಲೈನಿನವರೊಬ್ಬರ ಮಾತಿನ ನಡುವೆ.

ಹೋದ ಚಳಿಗಾಲದಲ್ಲಿ ದಾಂಡೇಲಿಗೆ ಹೋಗಿ ಚಾಚಾನ ಹೆಂಡತಿಯನ್ನು, ನಮ್ಮ ಚಾಚಿಯನ್ನು ನೋಡಿ ಬಂದೆ. ಬಯಲಿನಲ್ಲಿ ಮತ್ತೆ ಮನೆಗಳೆದ್ದಿವೆ. ಚಾಚಿಗೆ ನನ್ನ ಗುರುತು ಸಿಗಲಿಲ್ಲ. ತಂದೆಯ ಹೆಸರು ಹೇಳಿದೆ, ಮೆಂತ್ಯದ ಕಥೆ ಹೇಳಿದೆ. "ಭಾಳ ಮಂದಿ ಮಕ್ಕಳಿದ್ರವಾ," ಎಂದರು ನಗುತ್ತ. ಆಮೇಲೆ ತಾವಾಗಿಯೇ ಜರೀನಾಳ ಮಾತು ತೆಗೆದರು. ಆಕೆ ಈಗ ಹಳಿಯಾಳದ ದಾರಿಯಲ್ಲಿ ಸಸಿಗಳ ನರ್ಸರಿ ನಡೆಸುತ್ತಾಳಂತೆ, ಏಳೆಂಟು ಹೆಣ್ಣುಮಕ್ಕಳು ಅವಳ ಕೈಕೆಳಗೆ ಕೆಲಸಕ್ಕಿದ್ದಾರಂತೆ.

"ಕಡೀ ವರ್ಷ ಅವರಿಗೆ ನಡ್ಯಾಕ ಆಗ್ತಿದ್ದಿಲ್ಲ. ಆಕೀನ ಶುಕ್ರವಾರಕ್ಕೊಮ್ಮೆ ಬಂದು ಕೈ ಹಿಡದು ಹಿತ್ತಲಕ ಕರಕೊಂಡು ಹೋಗಾಕಿ. ಇಬ್ಬರೂ ಮಾತಿಲ್ಲ ಕಥಿಯಿಲ್ಲ, ಗಿಡಾ ನೋಡ್ಕೋಂತ ಕೂಡವ್ರು. ಮಕ್ಕಳ ಪೈಕಿ ಯಾರರ ಬಂದಾರೇನ ಅಂತ ಕೇಳವ್ರು ಒಮ್ಮೊಮ್ಮೆ."

ನಾನು ಚಹಾ ಕುಡಿದೆ. ಕಪ್ಪು-ಬಸಿ ತೊಳೆದಿಡಲು ಹೋದರೆ ಚಾಚಿ ಬಿಡಲಿಲ್ಲ, ನೀನು ಇವತ್ತು ಬಂದವಳು ಎಂದರು.

ಧಾರವಾಡದಿಂದ ದಾಂಡೇಲಿಗೆ ಎರಡು ತಾಸಿನ ದಾರಿ. ಆ ಬಸ್ಸು ಇಲ್ಲಿ ನಮ್ಮ ಓಣಿಯ ತುದಿಯಲ್ಲೇ ನಿಲ್ಲುತ್ತದೆ, ದಿನಾ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಕಾಣುತ್ತದೆ. ಚಾಚಾ ಇರುವ ತನಕ ನಾನು ಅದನ್ನು ಹತ್ತಲಿಲ್ಲ.