ಅಟ್ಟದ ಮೇಲಿನ ಗಡಗಡ

ನೀವು ನಂಬದಿದ್ದರೂ ಪರವಾಗಿಲ್ಲ. ಆ ರಾತ್ರಿಯ ಪ್ರತಿ ಪ್ರಯತ್ನಕ್ಕೂ ಡೈರಿಯಲ್ಲಿ ಒಂದೊಂದು ಗೆರೆ ಎಳೆದಿದ್ದೇನೆ. ಗೆರೆಗಳು ಇನ್ನೂ ಹಾಗೇ ಇವೆ.

ಅರಳಗುಪ್ಪೆ ಕಡೆಯ ತೋಟದ ಮನೆ. ಮೇಲೆ ಕೊಬ್ಬರಿಯಾಗಲೆಂದು ತೆಂಗಿನಕಾಯಿ ಒಣಗಲು ಹಾಕುವ ಅಟ್ಟ, ಕೆಳಗೆ ಕೋಣೆ. ಆ ಕೋಣೆಯನ್ನು ಗಿರಿಜಕ್ಕನಿಗೆ ಕಂಪ್ಯೂಟರ್ ಕ್ಲಾಸಿಗೆಂದು ಕೊಟ್ಟಿದ್ದ ಅವರ ಮಾವ ಹಿಂದಿನ ವರ್ಷ ತೀರಿಕೊಂಡಿದ್ದರು. ನಾನು ತಿಪಟೂರಿನಿಂದ ಹೋಗಿದ್ದ ರಿಪೇರಿಯವನು.

"ಬೆಳಿಗ್ಗೆ ಹುಡುಗ್ರು ಬರೋ ಹೊತ್ಗೆ ಈ ಕಂಪ್ಯೂಟರ್ ಓಡ್ಲಿಲ್ಲ ಅಂದ್ರೆ, ನಮ್ಮ ಮೈದ್ನ ಈ ರೂಮಿಗೂ ಕಾಯಿ ತುಂಬುಸ್ತಾನೆ ಕಣಪ್ಪ. ಚೀಲ ಆಗ್ಲೇ ತಂದು ಮಡಗವ್ನೆ," ಎಂದರು ಗಿರಿಜಕ್ಕ.

ಸಿಸ್ಟಮ್ ಹಾಕುವ ಸಿಡಿ ತಳ್ಳಿದೆ. ನೀಲಿ ಪರದೆ ಬಂತು. ಕೆಳಗೆ ಫೈಲುಗಳ ಹೆಸರು ಓಡಿದವು... ನಿಂತವು. ಒಂದು ಗೆರೆ. ಮೆಮೊರಿ ಬದಲಿಸಿದೆ, ಕೇಬಲ್ ಬದಲಿಸಿದೆ, ಬೇರೆ ಸಿಡಿ ಹಾಕಿದೆ. ಮತ್ತೆ ಮೂರು ಗೆರೆ. ನಿಂತದ್ದು ಅದೇ ಜಾಗದಲ್ಲಿ.

ಆಗ ಮೇಲೆ ಕೇಳಿಸಿತು.

ಗಡಗಡ... ಗಡಗಡ... ಮೌನ. ಆಮೇಲೆ ತಟ್ ಎಂದು ಕೆಳಗಿಟ್ಟ ಸದ್ದು.

"ಇಲಿನಾ ಅಕ್ಕ?"

"ಇಲಿ ಕಾಯಿ ಎತ್ತಿ ಇಳಿಸ್ತದೇನ್ಲಾ?" ಎಂದು ನಕ್ಕರು. ಆದರೆ ತಲೆ ಎತ್ತಲಿಲ್ಲ.

ನಮ್ಮ ಸೀಮೆಯಲ್ಲಿ ಆ ಸದ್ದು ಯಾರಿಗೆ ಗೊತ್ತಿಲ್ಲ? ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಮೇಲೆ ಯಾರೋ ಒಂದೊಂದೇ ಕಾಯಿ ನೋಡುತ್ತಿದ್ದರು. ಅಟ್ಟದ ಏಣಿ ಮಾತ್ರ ಅಂಗಳದಲ್ಲಿ ಬಿದ್ದಿತ್ತು.

"ನಿಮ್ಮ ಮೈದ್ನ ಹತ್ತವ್ರಾ?"

"ಅವ್ನು ಸಂಪಿಗೆ ಊರ್ಗೆ ಹೋಗವ್ನೆ. ನೀನ್ ಕೆಲ್ಸ ನೋಡು..." ದನಿ ಪಿಸುಮಾತಾಗಿತ್ತು.

ಮತ್ತೆ ಶುರುಮಾಡಿದೆ. ಮತ್ತೆ ನಿಂತಿತು. ಈ ಸಲ ಗಡಗಡ ನನ್ನ ನೆತ್ತಿಯ ಮೇಲೇ... ನಿಲ್ಲಲೇ ಇಲ್ಲ. ಹಲಗೆ ಸಂದಿನಿಂದ ನಾರಿನ ಪುಡಿ ಕೀಬೋರ್ಡಿನ ಮೇಲೆ ಉದುರಿತು. ಹಳೇ ಕೊಬ್ಬರಿಯ ಕಮಟು ವಾಸನೆ ಮೂಗಿಗೆ ಹೊಡೆಯಿತು.

ಏನು ತೋಚಿತೋ, ವೈರೆಲ್ಲ ಕಿತ್ತು ಸಿಪಿಯು ಡಬ್ಬ ಎತ್ತಿದೆ. ಕಿವಿಗೆ ಹಿಡಿದು ಅಲ್ಲಾಡಿಸಿದೆ.

ಟಣ್...

ಮದರ್‌ಬೋರ್ಡ್ ಬಿಚ್ಚಿದರೆ ಅಡಿಯಲ್ಲಿ ಒಂದು ಸ್ಕ್ರೂ ಬಿದ್ದಿತ್ತು. ಅದನ್ನು ತೆಗೆದು, ಎಲ್ಲ ಮತ್ತೆ ಜೋಡಿಸಿ ಸಿಡಿ ತಳ್ಳಿದ ಮೇಲೆ ಫೈಲುಗಳು ನಿಲ್ಲದೆ ಓಡಿದವು. ಮೇಲೆ ಸದ್ದು ಅಡಗಿತು.

ಬೆಳಿಗ್ಗೆ ಹುಡುಗರು ಬಂದರು. "ಚೀಲ ಎತ್ಕೊಂಡು ನಡಿಯಪ್ಪ," ಎಂದು ಗಿರಿಜಕ್ಕ ಆಗಷ್ಟೇ ಊರಿನಿಂದ ಬಂದ ಮೈದುನನನ್ನು ರೇಗಿಸಿದರು.

ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಕಾಯಿ ಅಲ್ಲಾಡಿಸಿದೆ. ಕುಳುಕುಳು... ನೀರು. ಇನ್ನೊಂದರಲ್ಲೂ ನೀರು. ಕೈಗೆ ಸಿಕ್ಕ ಒಂದರಲ್ಲೂ ಗಡಗಡ ಇಲ್ಲ.

"ಹೋದ ತಿಂಗ್ಳು ಹಾಕಿರೋ ಕಾಯಿ ಕಣಪ್ಪ, ಒಣಗೋಕೆ ಇನ್ನೂ ವರ್ಷ ಬೇಕು," ಎಂದರು ಗಿರಿಜಕ್ಕ ಕೆಳಗಿನಿಂದ. ಆಮೇಲೆ ಏಣಿ ಹಿಡಿದುಕೊಂಡು, "ನಮ್ಮ ಮಾವ ಕಾಯಿ ನೋಡ್ತಿದ್ದಿದ್ದೂ ಹಿಂಗೇ... ಎರಡ್ ಸಲ ಅಲ್ಲಾಡ್ಸಿ, ಒಂದ್ ಗಳಿಗೆ ಸುಮ್ಕೆ ಇರೋರು."

ಈಗ ನನ್ನದೇ ಅಂಗಡಿ ಇದೆ. ಮೇಲೆ ಅಟ್ಟವಿಲ್ಲ, ಬರೀ ತಾರಸಿ. ಕೆಟ್ಟ ಮಿಷನ್ ಬಂದರೆ ಮೊದಲು ಎತ್ತಿ ಅಲ್ಲಾಡಿಸುತ್ತೇನೆ. ಅಲ್ಲಾಡಿಸಿ ನಿಲ್ಲಿಸಿದ ಮೇಲೆ, ಒಂದು ಗಳಿಗೆ, ಕಿವಿ ಮೇಲಕ್ಕೇ ಹೋಗುತ್ತದೆ...