ಒಳಮನೆ ನೋಡುತ್ತಿದ್ದ ವಾಲಗದ ಮಾದಣ್ಣ

ಮದುವೆ ಮನೆಗೆ ಹೋದರೆ ನಮ್ಮ ವಾಲಗದ ಮೇಳದ ಯಜಮಾನ ಮಾದಣ್ಣ ಮೊದಲು ನಾಗಸ್ವರ ಬಿಚ್ಚುತ್ತಿರಲಿಲ್ಲ. ನೆಟ್ಟಗೆ ಒಳಮನೆಗೆ ನುಗ್ಗುತ್ತಿದ್ದ. "ಯಾರಾರ ಉಸಾರಿಲ್ದೆ ಮಲ್ಗವ್ರೇನವ್ವಾ?" ಇದ್ದರೆ ಅವರ ಪಕ್ಕ ಒಬ್ಬರನ್ನು ಕೂರಿಸಿಯೇ ಹೊರಗೆ ಬರುವುದು. ಹೆಂಗಸರು ಮುಸಿಮುಸಿ ನಗುತ್ತಿದ್ದರು. ಡೋಲು ಹೊತ್ತು ನಿಂತ ನನಗೋ ಮೈಯೆಲ್ಲ ಉರಿ.

"ಊದಕ್ ಬಂದಿದ್ದಿಯೋ, ನಾಡಿ ನೋಡಕ್ ಬಂದಿದ್ದಿಯೋ?" ಎಂದು ರೇಗಿದರೆ, "ಬಾಯ್ ಮುಚ್ಕ ಕಣ್ಲಾ ಸಿದ್ದ, ಎದೆ ಡವಡವ ಅಂತದೆ" ಎನ್ನುತ್ತಿದ್ದ.

ತಾಳಮಲೆಯಿಂದ ದೊಡ್ಡಗಾಜನೂರಿನವರೆಗೆ ಅವನ ಉಸಿರಿಗೆ ಸಾಟಿಯಿರಲಿಲ್ಲ. ತಾಳ ತಪ್ಪಿದವರನ್ನು ಹುಬ್ಬಿನಲ್ಲೇ ಗದರಿಸುವನು. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಯಾವ ಅಪಶಕುನದ ಸದ್ದೂ ಕೇಳಬಾರದೆಂದು ಎಲ್ಲ ವಾದ್ಯ ಒಟ್ಟಿಗೆ ಮೊಳಗಿಸುತ್ತೇವಲ್ಲ, ಆ ಗಟ್ಟಿಮೇಳದಲ್ಲಿ ಅವನು ಊದಿದರೆ ಚಪ್ಪರವೇ ನಡುಗುತ್ತಿತ್ತು.

ಪಣಕಹಳ್ಳಿಯ ಒಂದು ಮದುವೆಯಲ್ಲಿ ಅದೇ ಮುಳುವಾಯಿತು. ತಾಳಿ ಕಟ್ಟಿ ಮುಗಿದು, ಹೆಣ್ಣುಗಂಡು ಒಳಮನೆಯಲ್ಲಿ ಹುಷಾರಿಲ್ಲದೆ ಮಲಗಿದ್ದ ಹೆಣ್ಣಿನ ಅಜ್ಜಿಯ ಕಾಲಿಗೆ ಬೀಳಲು ಹೋದರೆ, ಅಜ್ಜಿ ಮಂಚದಿಂದ ಅರ್ಧ ಜಾರಿ, ಬಾಗಿಲ ಕಡೆಗೆ ಕೈ ಚಾಚಿ ಸತ್ತಿದ್ದಳು. ವಯಸ್ಸಾಗಿತ್ತು, ಪುಣ್ಯವಂತೆ ಎಂದರು ಎಲ್ಲರೂ. ನಮ್ಮನ್ನು ಯಾರೂ ಒಂದು ಮಾತು ಅನ್ನಲಿಲ್ಲ. ವಾಪಸು ಬರುವಾಗ ಮಾದಣ್ಣ ದಾರಿಯಲ್ಲಿ ಮೊಪೆಡ್ ನಿಲ್ಲಿಸಿದ.

"ಆ ಅವ್ವ ಕೂಗಿರ್ತಾಳೆ ಕಣ್ಲಾ. ನಾವು ಊದಿ ಊದಿ ಮುಚ್ಬುಟ್ಟೋ."

"ಕೂಗಿದ್ಲು ಅಂತ ಯಾರ್ ಕಂಡವ್ರೆ?" ಎಂದೆ.

"ಅದೇ ಕಣ್ಲಾ, ಯಾರೂ ಕಂಡಿಲ್ಲ."

ಒಳಮನೆ ನೋಡುವ ಹುಚ್ಚು ಅವತ್ತಿನಿಂದ ಹಿಡಿದದ್ದು.

ಹೋದ ವರ್ಷ ಎದೆನೋವು ಬಂದು ಅವನೇ ಹಾಸಿಗೆ ಹಿಡಿದ. ಪಕ್ಕದ ಮನೆಯಲ್ಲಿ ಮದುವೆ; ಬೇರೆ ಊರಿನ ಮೇಳ. ಆ ಮನೆಯವರು ಬಂದು, "ವಾಲಗ ಬ್ಯಾಡ ಅಂದ್ರೆ ನಿಲ್ಲುಸ್ತೀವಿ ಕಣಣ್ಣ" ಎಂದರು.

"ಎಲ್ಲಾರ ಉಂಟೇನ್ರಪ್ಪಾ, ಊದ್ಸಿ" ಎಂದ. ಅವರು ಅತ್ತ ಹೋದದ್ದೇ, ಪಕ್ಕದಲ್ಲಿ ಕೂತಿದ್ದ ನನ್ನ ಮಣಿಕಟ್ಟು ಹಿಡಿದುಕೊಂಡ. "ನೀ ಮಾತ್ರ ಎದ್ದೋಗ್ಬ್ಯಾಡ ಕಣ್ಲಾ."

ಗಟ್ಟಿಮೇಳ ಎದ್ದಿತು. ಅವನ ತುಟಿ ಅಲುಗಿತು. ಅಯ್ಯೋ ಶಿವನೇ, ನನಗೆ ಜೀವವೇ ಬಾಯಿಗೆ ಬಂತು. ಬಗ್ಗಿ ಅವನ ಬಾಯಿಗೆ ಕಿವಿಯಿಟ್ಟೆ.

"ಅವ್ರ ಡೋಲು ತಾಳ ಬುಟ್ಟು ಓಡ್ತದೆ."

"ಊಂ ಕಣಣ್ಣ, ಓಡ್ತದೆ!" ಎಂದು ಕಿರುಚಿದೆ.

"ನಾ ಅಂದದ್ದು ಕೇಳುಸ್ತಾ?"

"ಕೇಳುಸ್ತು."

ಅವನ ಕಣ್ಣು ತುಂಬಿಕೊಂಡವು. "ಆ ಅವ್ವನ್ ಪಕ್ಕ ಯಾರೂ ಇರ್ನಿಲ್ವಲ್ಲೋ ಸಿದ್ದ."

ವಾಲಗ ನಿಂತು ಊಟದ ಗದ್ದಲ ಶುರುವಾಯಿತು. ಅವನು ಕೈ ಬಿಟ್ಟಿರಲಿಲ್ಲ. ಸಂಜೆಗೆ ತಣ್ಣಗಾಗಿದ್ದ ಆ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.